ಅಮೆರಿಕದಲ್ಲಿ ಮಗು ಅಡ್ಮಿಟ್ ಆದ್ರೆ ನೋಡೋ ಡಾಕ್ಟ್ರು ಯಾರು?

ಮೈಸೂರು ಮಂಡ್ಯ ಕಡೆ ಮಗುಗೆ ಹುಷಾರಿಲ್ಲ ಅಂತ ನರ್ಸಿಂಗ್ ಹೋಮಿಗೆ ಸೇರಿಸಿದ್ರೆ ದಿನಾ ಕ್ಲಿನಿಕ್ಕಲ್ಲಿ ನೋಡೋ ಡಾಕ್ಟ್ರೇ ಸಾಯಂಕಾಲ ಬಂದು ಒಂದ್ಸಲ ಎದೆ ನೋಡಿ ಹೋಗ್ತಾರೆ, ನಮಗೂ ಧೈರ್ಯ. ಅಮೆರಿಕದಲ್ಲಿ ಬಹಳ ಕಡೆ ಹಂಗಲ್ಲ ಕಣ್ರಿ. ವ್ಯಾಕ್ಸಿನ್ ಹಾಕೋ ಪೀಡಿಯಾಟ್ರಿಷಿಯನ್ ಕ್ಲಿನಿಕ್ಕಲ್ಲೇ ಇರ್ತಾರೆ, ವಾರ್ಡಲ್ಲಿ ನೋಡೋರೇ ಬೇರೆ, ಅವರನ್ನ ಪೀಡಿಯಾಟ್ರಿಕ್ ಹಾಸ್ಪಿಟಲಿಸ್ಟ್ ಅಂತಾರೆ. ಕುವೆಂಪುನಗರದ ಅಜ್ಜ ಅಜ್ಜಿ ಇದನ್ನ ಕೇಳಿ "ಡ್ಯೂಟಿ ಡಾಕ್ಟ್ರಾ?" ಅಂತಾರೆ. ಅಲ್ಲ. 3 ವರ್ಷ ರೆಸಿಡೆನ್ಸಿ, ಅಂದ್ರೆ ಆಸ್ಪತ್ರೇಲಿ ಸ್ಪೆಷಲಿಸ್ಟ್ ತರಬೇತಿ, ಮುಗಿಸಿರೋ ಮಕ್ಕಳ ಡಾಕ್ಟ್ರು, ಈಗೀಗ ಕೆಲವರು ಅದರ ಮೇಲೆ 2 ವರ್ಷ ಫೆಲೋಶಿಪ್ ಅನ್ನೋ ಹೆಚ್ಚಿನ ತರಬೇತಿ ಬೇರೆ ಮಾಡ್ತಾರೆ. ಹಾಸ್ಪಿಟಲಿಸ್ಟ್ ಅನ್ನೋ ಹೆಸರು ಶುರುವಾಗಿದ್ದು 1996ರಲ್ಲಿ, ಮಕ್ಕಳ ವಿಭಾಗದಲ್ಲಿ ಇದಕ್ಕೆ ಪ್ರತ್ಯೇಕ ಸ್ಪೆಷಾಲಿಟಿ ಅಂತ ಮಾನ್ಯತೆ ಸಿಕ್ಕಿದ್ದು 2016ರಲ್ಲಿ, ಮೊದಲ ಬೋರ್ಡ್ ಪರೀಕ್ಷೆ 2019ರಲ್ಲಿ.

ನಾನು ಅಲ್ಲಿ ಈ ಕೆಲಸ ಮಾಡಿ ಊರಿಗೆ ವಾಪಸ್ ಬಂದಿರೋದ್ರಿಂದ ಅಕ್ಕಪಕ್ಕದವರ ಮಕ್ಕಳು ಅಲ್ಲಿಂದ ಫೋನ್ ಮಾಡ್ತಾನೇ ಇರ್ತಾರೆ. ಹೆಚ್ಚಿನವರ ದೂರು ಒಂದೇ, "ಏನೂ ಔಷಧಿ ಕೊಡ್ತಿಲ್ಲ ಅಂಕಲ್, ಸುಮ್ನೆ ಮೂಗು ಸಕ್ಷನ್ ಮಾಡ್ತಾರೆ." ಚಳಿಗಾಲದಲ್ಲಿ ಪುಟ್ಟ ಮಕ್ಕಳಿಗೆ ಬರೋ ಬ್ರಾಂಕಿಯೋಲೈಟಿಸ್ ಇದು, ಶ್ವಾಸಕೋಶದ ಸಣ್ಣ ಸಣ್ಣ ಉಸಿರುನಾಳ ಊದಿಕೊಳ್ಳೋದು. ವೈರಸ್ಸಿಂದ ಬರೋದು, ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಅಲ್ಲಿನ ಮಕ್ಕಳ ಡಾಕ್ಟ್ರುಗಳ ಅಕಾಡೆಮಿ 2014ರ ಗೈಡ್‌ಲೈನಲ್ಲಿ ಆಲ್ಬ್ಯುಟೆರಾಲ್ (ಉಸಿರುನಾಳ ಅಗಲ ಮಾಡೋ ಔಷಧಿ) ನೆಬುಲೈಸೇಷನ್ ಬೇಡ, ಎಲ್ಲರಿಗೂ ಎಕ್ಸ್‌ರೇ ಬೇಡ ಅಂತ ಹೇಳಿದೆ. ಬೇಕಾದ್ರೆ ಆಕ್ಸಿಜನ್, ಹಾಲು ಕುಡೀದೇ ಇದ್ರೆ ಡ್ರಿಪ್, ಅಷ್ಟೇ. ಹೇಳಿದ್ದನ್ನ ವಾರ್ಡಲ್ಲಿ ನಿಜವಾಗ್ಲೂ ನಡೆಸೋದೇ ಹಾಸ್ಪಿಟಲಿಸ್ಟುಗಳ ಇನ್ನೊಂದು ಕೆಲಸ, ಕ್ವಾಲಿಟಿ ಇಂಪ್ರೂವ್‌ಮೆಂಟ್ ಅಂತಾರೆ. ಈ ತಿಂಗಳು ಎಷ್ಟು ಮಕ್ಕಳಿಗೆ ಬೇಡದ ಎಕ್ಸ್‌ರೇ ತೆಗೆದ್ವಿ ಅಂತ ಎಣಿಸಿ ಗ್ರಾಫ್ ಹಾಕೋದು, ಒಂದು ಸಣ್ಣ ಬದಲಾವಣೆ ಮಾಡೋದು, ಮತ್ತೆ ಎಣಿಸೋದು, ಉಪಯೋಗ ಆಗ್ಲಿಲ್ವಾ ಬಿಟ್ಟು ಬೇರೆ ನೋಡೋದು. ಅದಕ್ಕೇ ಮೈಸೂರಿಂದ ತಾತ ಫೋನಲ್ಲಿ "ನೆಬುಲೈಸೇಷನ್ ಹಾಕ್ಸು" ಅಂದ್ರೂ ಅವರು ಹಾಕಲ್ಲ, ಅಸಡ್ಡೆ ಅಲ್ಲ ಅದು.

ಆದ್ರೆ ಎರಡು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಜ್ವರ ಬಂತು ಅಂದ್ರೆ ಕಥೆ ಪೂರ್ತಿ ಉಲ್ಟಾ. ಮನೇಲಿ ಕಾಯ್ಬೇಡಿ, ಮಧ್ಯರಾತ್ರಿ ಆದ್ರೂ ಎಮರ್ಜೆನ್ಸಿಗೆ ಹೋಗಿ. ಮೂರು ವಾರದೊಳಗಿನ ಕೂಸಾದ್ರೆ ನೋಡೋಕೆ ಚೆನ್ನಾಗೇ ಇದ್ರೂ ರಕ್ತ, ಮೂತ್ರ, ಬೆನ್ನಿಂದ ನೀರು ಎಲ್ಲಾ ಟೆಸ್ಟಿಗೆ ತಗೊಂಡು ಅಡ್ಮಿಟ್ ಮಾಡ್ಕೊಂಡು ಆಂಟಿಬಯೋಟಿಕ್ ಶುರು ಮಾಡ್ತಾರೆ. ಬೆನ್ನಿಗೆ ಸೂಜಿ ಅಂದ ತಕ್ಷಣ ಬಾಣಂತನಕ್ಕೆ ಹೋಗಿರೋ ಅಜ್ಜಿ ಅಳೋಕೆ ಶುರು ಮಾಡ್ತಾರೆ, ಮುಂಚೇನೇ ಹೇಳಿಟ್ಟಿರಿ.

ಬೆಳಗ್ಗೆ ರೌಂಡ್ಸು. ಚೆಲುವಾಂಬ ಆಸ್ಪತ್ರೆ ಥರ ಕಾಲೇಜಿಗೆ ಸೇರಿದ ಆಸ್ಪತ್ರೆ ನೋಡಿರೋರಿಗೆ ಕಲಿಯೋ ಡಾಕ್ಟ್ರುಗಳ ಗುಂಪು ಹೊಸದಲ್ಲ, ಅಲ್ಲೂ ಟೀಚಿಂಗ್ ಆಸ್ಪತ್ರೆ ಆದ್ರೆ ಇಂಟರ್ನ್ (ಅಲ್ಲಿ ಮೊದಲ ವರ್ಷದ ರೆಸಿಡೆಂಟ್), ಸೀನಿಯರ್ ರೆಸಿಡೆಂಟ್, ಸ್ಟೂಡೆಂಟ್ಸ್, ಕೊನೆಗೆ ಅಟೆಂಡಿಂಗ್, ಅವರೇ ಹಾಸ್ಪಿಟಲಿಸ್ಟ್, ಜವಾಬ್ದಾರಿ ಅವರದ್ದು. ಇಂಟರ್ನ್ ಕೇಸ್ ಹೇಳ್ತಾರೆ, ಅಟೆಂಡಿಂಗ್ ಮಧ್ಯೆ ಪ್ರಶ್ನೆ ಕೇಳ್ತಾರೆ, ಅದು ಪಾಠ, ಡಾಕ್ಟ್ರಿಗೇ ಗೊತ್ತಿಲ್ಲ ಅಂತ ಅಂದ್ಕೋಬೇಡಿ. ನೀವು ಅಲ್ಲೇ ನಿಂತು ಮಾತಾಡ್ಬೇಕು. ನಮ್ಮೋರು ಡಾಕ್ಟ್ರ ಮುಂದೆ ಹೂಂ ಹೂಂ ಅಂದು ಅವರು ಹೋದ್ಮೇಲೆ ಮೈಸೂರಿಗೆ ಫೋನ್ ಮಾಡ್ತಾರೆ! ರಾತ್ರಿನೇ ಪ್ರಶ್ನೆ ಬರೆದಿಟ್ಕೊಳ್ಳಿ, ಏನಾದ್ರೆ ಮನೆಗೆ ಕಳಿಸ್ತೀರಾ ಅಂತ ಖಂಡಿತ ಕೇಳಿ. ಅಜ್ಜಿ ಬಜೆ ತೇಯ್ದು ನೆಕ್ಕಿಸಿದ್ರೆ, ಊರಿಂದ ತಂದ ಕಾಡಿಗೆ ಹಚ್ಚಿದ್ರೆ ಮುಚ್ಚಿಡ್ಬೇಡಿ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತೆ. ಅಜ್ಜಿ ಒಬ್ರೇ ಇದ್ದಾಗ ಕನ್ನಡ ಇಂಟರ್‌ಪ್ರಿಟರ್ ಕೇಳಿ, ಫೋನಲ್ಲೋ ವಿಡಿಯೋದಲ್ಲೋ ಕೊಡ್ತಾರೆ, ದುಡ್ಡಿಲ್ಲ, ಸರ್ಕಾರದ ಹಣ ತಗೊಳ್ಳೋ ಆಸ್ಪತ್ರೆ ಕೊಡ್ಲೇಬೇಕು.

ಡ್ಯೂಟಿ ಬದಲಾಗೋ ಹೊತ್ತಲ್ಲಿ ಯಾರೂ ಸಿಗಲ್ಲ, ರೋಗಿಯನ್ನ ಇನ್ನೊಬ್ಬರಿಗೆ ಒಪ್ಪಿಸ್ತಾ ಇರ್ತಾರೆ. ಅದಕ್ಕೂ ಐ-ಪಾಸ್ ಅಂತ ಒಂದು ಕ್ರಮ ಇದೆ, 9 ಮಕ್ಕಳ ವಿಭಾಗಗಳಲ್ಲಿ ಮಾಡಿ ನೋಡಿದಾಗ ಚಿಕಿತ್ಸೆಯ ತಪ್ಪುಗಳು 23% ಕಮ್ಮಿ ಆದ್ವು ಅಂತ 2014ರಲ್ಲಿ ಅಧ್ಯಯನದ ವರದಿ ಬಂತು.

ಬಿಲ್ ವಿಷಯ ಕೇಸ್ ಮ್ಯಾನೇಜರ್ (ಇನ್ಶೂರೆನ್ಸ್, ಡಿಸ್ಚಾರ್ಜ್ ನೋಡ್ಕೊಳ್ಳೋ ಆಸ್ಪತ್ರೆ ಸಿಬ್ಬಂದಿ) ಹತ್ರ ಕೇಳಿ, ಒಂದು ರಾತ್ರಿ ಮಲಗಿದ್ರೂ ಕಾಗದದಲ್ಲಿ ಅಡ್ಮಿಟ್ ಅನ್ನೋ ಬದಲು "ಅಬ್ಸರ್ವೇಷನ್" ಅಂತ ಇರಬಹುದು, ಆಗ ಇನ್ಶೂರೆನ್ಸ್ ಲೆಕ್ಕ ಬೇರೆ.

ಮನೆಗೆ ಬರುವಾಗ ಡಿಸ್ಚಾರ್ಜ್ ಸಮ್ಮರಿ ನಿಮ್ಮ ಪೀಡಿಯಾಟ್ರಿಷಿಯನ್‌ಗೆ ಹೋಯ್ತಾ ಅಂತ ನೋಡಿ, ನೀವೂ ಒಂದು ಕಾಪಿ ಇಟ್ಕೊಳ್ಳಿ. ರಜಕ್ಕೆ ಮೈಸೂರಿಗೆ ಬರೋರಿದ್ರೆ ಔಷಧಿನ ಎಂಎಲ್‌ನಲ್ಲಿ ಅಲ್ಲ ಮಿಲಿಗ್ರಾಮಲ್ಲಿ ಬರ್ಕೊಂಡು ಬನ್ನಿ. ಅಲ್ಲಿ ಮಕ್ಕಳ ಟೈಲೆನಾಲ್ ಸಿರಪ್ 5 ಎಂಎಲ್‌ಗೆ 160 ಮಿಲಿಗ್ರಾಂ, ಅದೇ ಪ್ಯಾರಾಸಿಟಮಾಲ್ ನಮ್ಮ ಮೆಡಿಕಲ್ ಸ್ಟೋರಲ್ಲಿ 120, 125, 250 ಅಂತ ಬೇರೆ ಬೇರೆ ಸಿಗುತ್ತೆ.