ಹರ್ಬಲ್ ಟೀ ಪೊಟ್ಟಣ: ಕುಡಿಯುವ ಮೊದಲು ಹಿಂಬದಿ ಓದುವುದು ಹೇಗೆ?

ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ-ಹಾಲು ಹಾಕಿ ಕುದಿಸಿದ ಕಷಾಯವನ್ನು ಶಿರಸಿ ಸೀಮೆಯಲ್ಲಿ ಮಕ್ಕಳಿಗೂ ಕೊಡುತ್ತಾರೆ. ಅದೇ ಧೈರ್ಯದಲ್ಲಿ ‘ತೂಕ ಇಳಿಸುವ’ ಪೊಟ್ಟಣದ ಟೀಯನ್ನೂ ದಿನಕ್ಕೆ ಮೂರು ಲೋಟ ಕುಡಿಯುವವರಿದ್ದಾರೆ. ಎಡವುವುದು ಇಲ್ಲೇ.

ಮೊದಲು, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಅಥವಾ ಆಯುಷ್ ಪರವಾನಗಿ, ಜೊತೆಗೆ ಪೂರ್ತಿ ಘಟಕಗಳ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ.

ಎರಡನೆಯದು ಪಟ್ಟಿ ಓದುವುದು. ಇದಕ್ಕೆ ಸಮಯ ಕೊಡಿ. ‘ಎಕ್ಸ್‌ಟ್ರಾಕ್ಟ್’ ಎಂದಿದ್ದರೆ ಅದು ಎಲೆಯಲ್ಲ, ಭಟ್ಟಿ ಇಳಿಸಿದಷ್ಟು ಗಟ್ಟಿಯಾದ ಸಾರ. ಗ್ರೀನ್ ಟೀ ಸಾರದಲ್ಲಿನ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ತಲುಪಿದರೆ ಯಕೃತ್ತಿಗೆ ಪೆಟ್ಟಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂದರೆ ನಮ್ಮ ಕಾಡಿನ ಉಪ್ಪಾಗೆಯೇ. ಮಳೆಗಾಲದಲ್ಲಿ ಬೆಂಕಿಯ ಮೇಲೆ ಒಣಗಿಸಿದ ಆ ಕಪ್ಪು ಸಿಪ್ಪೆಯ ಒಂದು ಚೂರು ಸಾರಿಗೆ ಬಿದ್ದರೆ ತೊಂದರೆಯಿಲ್ಲ. ಅದರ ಸಾರವನ್ನು ತಿಂಗಳುಗಟ್ಟಲೆ ನುಂಗಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ವರದಿಯಾಗಿವೆ.

‘ಸೆನ್ನಾ’ ಎಂದರೆ ಸೋನಾಮುಖಿ, ಭೇದಿಯ ಔಷಧ. ಮರುದಿನ ತೂಕ ಇಳಿದಂತೆ ಕಾಣುತ್ತದೆ. ಹೋಗಿದ್ದು ನೀರು, ಕೊಬ್ಬಲ್ಲ. ಜೊತೆಗೆ ಪೊಟ್ಯಾಶಿಯಂ ಕೂಡ ಹೋಗುತ್ತದೆ. ಅದೇ ಪೊಟ್ಟಣದಲ್ಲಿ ಜ್ಯೇಷ್ಠಮಧುವೂ ಇದ್ದರೆ ದೇಹದಲ್ಲಿ ಉಪ್ಪು-ನೀರು ನಿಂತು ಬಿಪಿ ಏರುತ್ತದೆ, ಪೊಟ್ಯಾಶಿಯಂ ಇನ್ನಷ್ಟು ಕುಸಿದು ಎದೆಬಡಿತ ತಪ್ಪಬಹುದು. ಬಿಪಿ ಇರುವವರು ಈ ಜೋಡಿಯನ್ನು ಮುಟ್ಟಲೇಬಾರದು.

ಎರಡೇ ದಿನಕ್ಕೆ ಹಸಿವು ಸತ್ತು ಎದೆ ಡವಗುಟ್ಟಿದರೆ ಕಲಬೆರಕೆ ಇರಬಹುದು. ಭಾರತದಲ್ಲಿ 2011ರಲ್ಲಿ ನಿಷೇಧಿಸಿದ, ಹಸಿವು ತಗ್ಗಿಸುವ ಔಷಧ ಸಿಬುಟ್ರಮಿನ್ ಇಂಥ ಪುಡಿಗಳಲ್ಲಿ ಸಿಕ್ಕಿದ್ದಿದೆ. ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ.

ಮೂರನೆಯದಾಗಿ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಪೊಟ್ಟಣವನ್ನೇ ವೈದ್ಯರ ಮುಂದಿಡಿ. ‘ಏನೋ ಗಿಡಮೂಲಿಕೆ’ ಎಂದರೆ ಅವರಿಗೆ ತಿಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ.

ಕುಡಿಯುತ್ತಿರುವಾಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದಿದ್ದರೆ, ಮೈ ತುರಿಸಿದರೆ ಅಂದೇ ಬಿಡಿ. ಕಾಮಾಲೆಯೆಂದು ಮೇಲಿಂದ ಇನ್ನೊಂದು ನಾಟಿ ಕಷಾಯ ಕುಡಿಯಬೇಡಿ. ಬಳಲಿದ ಯಕೃತ್ತಿಗೆ ಅದೂ ಹೊರೆ. ಪೊಟ್ಟಣ ಹಿಡಿದು ಆಸ್ಪತ್ರೆಗೆ ಹೋಗಿ ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ಮಾಡಿಸಿ, ಎಂದಿನಿಂದ, ದಿನಕ್ಕೆಷ್ಟು ಲೋಟ ಕುಡಿದಿರಿ ಎಂಬುದನ್ನು ಬರೆಸಿ.