ಮೂತ್ರದ ಮಾತ್ರೆ: ಹೊತ್ತು, ಉಪ್ಪು, ತೂಕ ನೋಡಿ ನುಂಗಿ

ಹೃದಯ ಸೋತು ಕಾಲು ಊದಿದವರಿಗೆ ವೈದ್ಯರು ಹೆಚ್ಚಾಗಿ ಬರೆಯುವುದು ಫ್ಯೂರೋಸೆಮೈಡ್. ಲ್ಯಾಸಿಕ್ಸ್ ಎಂದರೆ ಯಾವ ಮೆಡಿಕಲ್ ಶಾಪಿನಲ್ಲೂ ಗೊತ್ತು. ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ಮೂತ್ರ ಶುರು, ನುಂಗಿ ಸುಮಾರು ಆರು ತಾಸಾದ ಮೇಲೆ ಪ್ರಭಾವ ಮುಗಿಯುತ್ತದೆ. ಹಾಗಾಗಿ ಬೆಳಗ್ಗೆ, ತಿಂಡಿಗೆ ಮುಂಚೆ ನುಂಗಿ. ಊಟದ ಜೊತೆ ಹೋದರೆ ರಕ್ತಕ್ಕೆ ಸೇರುವುದು ಕಡಿಮೆ. ಎರಡು ಹೊತ್ತು ಬರೆದಿದ್ದರೆ ಎರಡನೆಯದು ಮಧ್ಯಾಹ್ನ ಮೂರರೊಳಗೆ. ರಾತ್ರಿ ನುಂಗಿದ ವಯಸ್ಸಾದವರು ಬಚ್ಚಲಿಗೆ ಹೋಗುವಾಗ ಕತ್ತಲಲ್ಲಿ ಬೀಳುವುದುಂಟು.

ಒಂದು ಮಾತ್ರೆಯನ್ನು ಮುರಿದು ಎರಡು ಹೊತ್ತಿಗೆ ಹಂಚುವ ಜಾಣತನ ಮಾತ್ರ ಬೇಡ. ಫ್ಯೂರೋಸೆಮೈಡ್ ಒಂದು ದುರ್ಬಲ ಆಮ್ಲ. ರಕ್ತದಲ್ಲಿ ಅದರ ಶೇ 95ಕ್ಕೂ ಹೆಚ್ಚು ಪಾಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಮೂತ್ರಪಿಂಡದ ಜರಡಿಯಲ್ಲಿ ಸೋಸಿ ಇಳಿಯುವುದಿಲ್ಲ. ಮೂತ್ರನಾಳಿಕೆಯ ಗೋಡೆಯ ಜೀವಕೋಶಗಳು ಅದನ್ನು ರಕ್ತದಿಂದ ಎಳೆದು ಒಳಗಿನ ದ್ರವಕ್ಕೆ ಬಿಡಬೇಕು. ಅಲ್ಲಿಂದ ಅದೇ ನಾಳಿಕೆಯ ಮುಂದಿನ ಬಾಗಿದ ಭಾಗವಾದ ಹೆನ್ಲೆಯ ಕುಣಿಕೆಗೆ ಹರಿದು, ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಅಯಾನುಗಳನ್ನು ಒಟ್ಟಿಗೆ ವಾಪಸ್ ಹೀರುವ ಪ್ರೋಟೀನನ್ನು ತಡೆಯುತ್ತದೆ. ಉಪ್ಪು ನಾಳದಲ್ಲೇ ಉಳಿದರೆ ನೀರೂ ಅದರ ಹಿಂದೆಯೇ. ಆದರೆ ದ್ರವದಲ್ಲಿ ಔಷಧಿ ಒಂದು ಮಟ್ಟ ಮುಟ್ಟದಿದ್ದರೆ ಹೆಚ್ಚೇನೂ ಆಗದು. 20 ಮತ್ತು 20 ಮಿ.ಗ್ರಾಂ. ಸೇರಿ 40 ಆಗುವುದು ಲೆಕ್ಕದ ಪುಸ್ತಕದಲ್ಲಷ್ಟೇ.

ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತರಬೇಡಿ: ಮಾತ್ರೆಯ ಬಲ ಕುಗ್ಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು.

ಪ್ರಭಾವ ಇಳಿದ ಮೇಲೆ ಮೂತ್ರಪಿಂಡ, ಹೋದದ್ದನ್ನು ತುಂಬಿಕೊಳ್ಳಲು, ಉಪ್ಪಿನಲ್ಲಿರುವ ಸೋಡಿಯಂ ಹಿಡಿದಿಡತೊಡಗುತ್ತದೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಡಿಸಿಕೊಂಡರೆ ಬೆಳಗ್ಗೆ ಇಳಿದ ನೀರು ಮತ್ತೆ ಕಾಲಿಗೇ.

ದಿನಾ ಬೆಳಗ್ಗೆ ಮೂತ್ರ ಮಾಡಿ, ಏನೂ ತಿನ್ನುವ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ವೈದ್ಯರಿಗೆ ತಿಳಿಸಿ. ವಾಂತಿ–ಭೇದಿ ಇದ್ದ ದಿನ ಅವರನ್ನು ಕೇಳಿಯೇ ನುಂಗಿ. ಬೆಳಕಿಗೆ ಬಿದ್ದು ಹಳದಿ ತಿರುಗಿದ ಮಾತ್ರೆ ಬಳಸಬೇಡಿ.

ಸೋಡಿಯಂ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕು. ಇಳಿದರೆ ಮೀನಖಂಡ ಹಿಡಿದುಕೊಳ್ಳುವುದು, ಸುಸ್ತು, ಎದೆಬಡಿತದ ಏರುಪೇರು. ಅದಕ್ಕೆ ‘ದಿನಾ ಎಳನೀರು ಕುಡಿಯಿರಿ’ ಎಂಬ ಸಲಹೆ ಎಲ್ಲರಿಗೂ ಹೊಂದದು. ಚೀಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಅಥವಾ ರಾಮಿಪ್ರಿಲ್ ಕೂಡ ಇದ್ದರೆ ಅವು ಪೊಟ್ಯಾಸಿಯಂ ಉಳಿಸುತ್ತವೆ. ಅದರ ಮೇಲೆ ಎಳನೀರು, ಪೊಟ್ಯಾಸಿಯಂ ಕ್ಲೋರೈಡ್ ಬೆರೆತ ‘ಲೋ ಸೋಡಿಯಂ’ ಉಪ್ಪು ಬಿದ್ದರೆ ಮಟ್ಟ ವಿಪರೀತ ಏರಿ ಹೃದಯ ನಿಲ್ಲಲೂಬಹುದು. ಎಳನೀರು ಒಡೆಸುವ ಮೊದಲು ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ವೈದ್ಯರಿಗೆ ತೋರಿಸಿ.