ಎಡಕ್ಕೆ ಹಳೆಯದು, ಬಲಕ್ಕೆ ಹೊಸದು: ಗಿಟ್ ಡಿಫ್‌ನಲ್ಲಿ ನನ್ನ ಅನುಭವ

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರಿಗೆ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮಿನಲ್ಲಿ ಒಂದೇ ಒಂದು ಅಂಕಿ ತಪ್ಪಿದ್ದಕ್ಕೆ ಕೈಯಿಂದ ಹದಿನೆಂಟು ಸಾವಿರ ಚಿಲ್ಲರೆ ಕಟ್ಟಿದ್ದೇನೆ. ರೊಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) 50 ಕೆಜಿ ಚೀಲಕ್ಕೆ ಬೆಲೆ ಹಾಕುವುದು ಔಟ್‌ಟರ್ನ್ ಪಾಯಿಂಟಿನ ಮೇಲೆ, ಅಂದರೆ ಚೀಲಕ್ಕೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದರ ಮೇಲೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಪರೀಕ್ಷೆ ಆಗದ ಚೀಲಕ್ಕೆ ಹಿಡಿಯುವ ಅಂದಾಜು 26 ಇದ್ದದ್ದು ಫೈಲಿನಲ್ಲಿ 28 ಆಗಿತ್ತು. ಫೈಲಿನ ಹಳೆ-ಹೊಸ ರೂಪ ಕಾಪಿಡುವ ಗಿಟ್ ತಂತ್ರಾಂಶದಲ್ಲಿ, ಏನು ಬದಲಾಗಿದೆ ಅಂತ ತೋರಿಸುವ ಡಿಫ್ ನೋಡಿಯೇ ಕಮಿಟ್ (ಬದಲಾವಣೆ ದಾಖಲು) ಮಾಡಿದ್ದೆ. ಆದರೆ ಜೊತೆಗಾರ ವಿಂಡೋಸ್‌ನಲ್ಲಿ ಸೇವ್ ಮಾಡಿದ್ದರಿಂದ ಸಾಲು ಮುಗಿಯಿತು ಅಂತ ಹೇಳುವ ಕಾಣದ ಗುರುತುಗಳೆಲ್ಲ ಬದಲಾಗಿ, ಡಿಫ್‌ನಲ್ಲಿ ಸುಮಾರು 1,200 ಹಳೆ ಸಾಲು ಕೆಂಪು, ಅಷ್ಟೇ ಹೊಸ ಸಾಲು ಹಸಿರು. ಆ ರಾಶಿಯಲ್ಲಿ ಒಂದು 28 ಕಣ್ಣಿಗೆ ಬೀಳುವುದು ಹೇಗೆ?

ಅಂದಿನಿಂದ ಹಠ ಹಿಡಿದೆ: ಎರಡೂ ಫೈಲು ಅಕ್ಕಪಕ್ಕ ಕಾಣಬೇಕು. ಬೆಂಗಳೂರಿನ ಗೆಳೆಯರು, "ಅದಕ್ಕೆಲ್ಲ ಯಾಕೆ ಒದ್ದಾಡ್ತೀಯ ಮಾರಾಯ, ಆನ್‌ಲೈನ್‌ಗೆ ಪುಶ್ ಮಾಡಿ ಬ್ರೌಸರಲ್ಲಿ ನೋಡು" ಅಂದರು. ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ದಿನ, ಜೊತೆಗೆ ಟವರೂ ಸತ್ತಿರುತ್ತದೆ. ಎಲ್ಲ ಲ್ಯಾಪ್‌ಟಾಪಿನಲ್ಲೇ ಆಗಬೇಕಿತ್ತು.

ಮೊದಲು ವಿಮ್‌ಡಿಫ್, ಟರ್ಮಿನಲ್ಲಿನಲ್ಲೇ (ಬರೀ ಅಕ್ಷರದ ಪರದೆಯಲ್ಲೇ) ಎರಡು ಫೈಲು ಅಕ್ಕಪಕ್ಕ ತೋರಿಸುವ ಟೂಲು. ಕೋಡಿಗೆ ಚೆನ್ನ, ಕನ್ನಡ ರಸೀದಿಯ ಟೆಂಪ್ಲೇಟಿನಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಟರ್ಮಿನಲ್ಲಿನ ಕಾಲಂ ಓರೆಯಾಯಿತು. ದುಡ್ಡು ಕೊಟ್ಟು ಕೊಳ್ಳುವ ಟೂಲೊಂದಕ್ಕೆ ಐದು ಸಾವಿರದಷ್ಟು ಸುರಿದೆ, ಅದೂ ಒಗ್ಗಲಿಲ್ಲ. ಕೊನೆಗೆ ಕೈಹಿಡಿದದ್ದು ಪುಕ್ಕಟೆ ಸಿಗುವ, ಫೈಲು ಹೋಲಿಸುವ ಮೆಲ್ಡ್.

ಯಾವ ಫೈಲನ್ನು ಗಿಟ್ ಹೇಗೆ ನೋಡಬೇಕು ಅಂತ ಹೇಳುವ ಗಿಟ್‌ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲಿ ಟೆಕ್ಸ್ಟ್ ಆಟೋ ಹಾಕಿ, ರೀನಾರ್ಮಲೈಸ್ ಮಾಡಿ (ಎಲ್ಲ ಸಾಲಿನ ಕೊನೆಯನ್ನೂ ಒಂದೇ ಬಗೆಗೆ ತಂದು), ಅದನ್ನು ಬೇರೆಯೇ ಕಮಿಟ್ ಆಗಿ ಇಟ್ಟೆ. ಕೆಂಪು ರಾಶಿ ಅಲ್ಲಿಗೆ ಮುಗಿಯಿತು. ಡಿಫ್ ಅನ್ನು ಹೊರಗಿನ ಟೂಲಲ್ಲಿ ತೆರೆಯುವ ಗಿಟ್‌ನ ಡಿಫ್‌ಟೂಲ್‌ಗೆ ಮೆಲ್ಡ್ ಕಟ್ಟಿ, ತೆರೆಯಲೇ ಅಂತ ಕೇಳುವ ಪ್ರಾಂಪ್ಟ್ ನಿಲ್ಲಿಸಿ, ಡೈರೆಕ್ಟರಿ ಡಿಫ್‌ನಲ್ಲಿ ಎಲ್ಲ ಫೈಲೂ ಒಟ್ಟಿಗೆ ತೆರೆದೆ. ಗಿಟ್‌ನದೇ ಡಿಫ್‌ಗೆ ಹೋಲಿಸುವ ವಿಧಾನ (ಅಲ್ಗಾರಿದಮ್) ಹಿಸ್ಟೋಗ್ರಾಮ್‌ಗೆ ಬದಲಿಸಿದ ಮೇಲೆ, ಮೆಲ್ಡ್‌ನಲ್ಲಿ ಅಲ್ಲದಿದ್ದರೂ ಟರ್ಮಿನಲ್ಲಿನ ಡಿಫ್‌ನಲ್ಲಿ ಜಾಗ ಬದಲಿಸಿದ ಫಂಕ್ಷನ್ನುಗಳೂ ಹೆಚ್ಚು ಓದುವಂತಾದವು.

ಆಮೇಲೆ ಇನ್ನೊಂದು ತಲೆನೋವು. ಎರಡೂ ಕಡೆ 'ಕೊಡಗು' ಅಂತಲೇ ಕಾಣುತ್ತದೆ, ಮೆಲ್ಡ್ ಮಾತ್ರ ಬೇರೆ ಅನ್ನುತ್ತದೆ. ಬೈಟ್ ಬಿಡಿಸಿ ನೋಡಿದೆ. ಒಂದು ಕಡೆ 'ಒ'ಕಾರದ ಚಿಹ್ನೆ ಒಂದೇ ಕೋಡ್. ಹಳೆ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದ ಕಡೆ 'ಎ'ಕಾರ, 'ಊ'ಕಾರ ಅಂತ ಎರಡು ಕೋಡ್. ಹೋಲಿಸುವ ಮೊದಲು ಫೈಲನ್ನು ಬೇರೆ ರೂಪಕ್ಕೆ ತಿರುಗಿಸುವ ಗಿಟ್‌ನ ಟೆಕ್ಸ್ಟ್‌ಕನ್ವ್ ಹಾಕಿದೆ. ಗಿಟ್ ಡಿಫ್‌ನಲ್ಲಿ ಕೆಲಸ ಮಾಡಿತು, ಡಿಫ್‌ಟೂಲ್ ಅದನ್ನು ಕೇಳುವುದೇ ಇಲ್ಲ ಅಂತ ತಿಳಿಯಲು ಎರಡು ರಾತ್ರಿ ಹೋಯಿತು. ಕಡೆಗೆ ಡಿಫ್‌ಟೂಲ್‌ಗೆ ನನ್ನದೇ ಪೈಥಾನ್ ಸ್ಕ್ರಿಪ್ಟ್ ಕಟ್ಟಿದೆ: ಎರಡೂ ಫೈಲಿನ ಎನ್‌ಎಫ್‌ಸಿ (ಒಡೆದ ಚಿಹ್ನೆ ಒಂದೇ ಕೋಡಿಗೆ ಸೇರಿಸುವ ಯೂನಿಕೋಡ್ ರೂಪ) ಮಾಡಿದ ಪ್ರತಿ ತೆಗೆದು, ಅದನ್ನು ಮೆಲ್ಡ್‌ಗೆ ಕೊಡುತ್ತದೆ. ಅಕ್ಷರ ಕೂಡಿಸುವ, ಬಿಡಿಸುವ ಕಾಣದ ಕೋಡ್‌ಗಳಾದ ಜೋಡಕಗಳನ್ನು ಯಾವಾಗ ತೆಗೆಯಬೇಕು, ಯಾವಾಗ ಬಿಡಬೇಕು ಎಂಬ ನನ್ನ ನಿಯಮ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಪ್ರತಿಯಾದ್ದರಿಂದ ಬಲಗಡೆ ತಿದ್ದಿದ್ದು ಅಸಲಿ ಫೈಲಿಗೆ ಹೋಗುವುದಿಲ್ಲ. ತಿದ್ದಲು ಮಾಮೂಲಿ ಮೆಲ್ಡ್ ಬೇರೆ ಹೆಸರಲ್ಲಿ ಇಟ್ಟುಕೊಂಡಿದ್ದೇನೆ.

ನಡುವೆ ಎಕ್ಸೆಲ್ ರೇಟ್ ಶೀಟನ್ನು ಸಿಎಸ್‌ವಿ (ಬರೀ ಅಕ್ಷರದ ಪಟ್ಟಿ) ಮಾಡಿ ಹೋಲಿಸಿಯೂ ನೋಡಿದೆ. ಫಾರ್ಮುಲಾ ಬಿಟ್ಟು ಬರೀ ಬೆಲೆ ಬರುವುದರಿಂದ ಅರ್ಧ ಮಾತ್ರ ಗೆದ್ದೆ.

ಕಳೆದ ಕೊಯ್ಲಿನಲ್ಲಿ ತೇವಾಂಶ ಕಡಿತದ 1.5 ಜಾಗದಲ್ಲಿ 15 ಕೂತಿತ್ತು. ಬಲಗಡೆ ಚುಕ್ಕಿಯಷ್ಟು ಬಣ್ಣ ಕಂಡಿತು, ಹಿಡಿದೆ. ಬ್ರೌಸರಲ್ಲಿ ನೋಡು ಅಂದವರಲ್ಲೊಬ್ಬ ಗೆಳೆಯನೇ ಮೊನ್ನೆ ಫೋನು ಮಾಡಿ ಸ್ಕ್ರಿಪ್ಟ್ ಕೇಳಿದ.